ಬಗ್ಗಿದ ನಡುವಿನ ಚರಿತ್ರೆ

ಕಳೆದ ದೀಪಾವಳಿಗೆ ಪುಣೆಯಲ್ಲಿರುವ ಮಗಳು ಚಿಕ್ಕೋಡಿಯ ನಮ್ಮ ಮನೆಗೆ ಒಂದು ಯಂತ್ರ ತಂದುಕೊಟ್ಟಳು. ನೋಡಲು ಉದ್ದ ಹಿಡಿಕೆಯ ಕಸಬರಿಗೆಯಂತಿದೆ. ಗುಂಡಿ ಒತ್ತಿದರೆ ಕೆಳಗಿನ ಮೆತ್ತನೆಯ ಉರುಳೆ ಗರಗರ ತಿರುಗುತ್ತದೆ. ತಾನೇ ನೀರು ಬಿಟ್ಟುಕೊಂಡು ನೆಲ ಒರೆಸಿ, ಒರೆಸಿದ ಹೊಲಸು ನೀರನ್ನು ಹಿಂದೆಯೇ ಹೀರಿಕೊಳ್ಳುತ್ತದೆ. ವಾಯರಿಲ್ಲ; ಮೊಬೈಲಿನಂತೆ ಚಾರ್ಜ್ ಮಾಡಿದರಾಯಿತು.

ಹಬ್ಬಕ್ಕೆಂದು ಪಾಲಬಾವಿಯಿಂದ ಬಂದಿದ್ದ ನಮ್ಮವ್ವ ಅದನ್ನೇ ನೋಡುತ್ತ ಕುಳಿತಿದ್ದಳು. ಕೊನೆಗೆ ಕೇಳಿದ್ದು ಒಂದೇ ಮಾತು: "ಇದಕ್ಕ ಬಗ್ಗೂದ ಬ್ಯಾಡೇನ?"

ನೆಲದ ಚರಿತ್ರೆಯನ್ನೆಲ್ಲ ಅವ್ವ ಆ ಒಂದು ಮಾತಿನಲ್ಲಿ ಕೇಳಿಬಿಟ್ಟಳು ಎನ್ನಿಸಿತು.

ರಾಯಬಾಗ ತಾಲೂಕಿನ ನಮ್ಮೂರಿನ ಮನೆಯದು ಮಣ್ಣಿನ ನೆಲ. ಮಣ್ಣು ಹಾಕಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಿದ್ದು. ಅಂಥ ನೆಲ ಬಿರಿಯದಂತೆ, ಧೂಳೇಳದಂತೆ ಇರಬೇಕಾದರೆ ಸೆಗಣಿಯಿಂದ ಸಾರಿಸಲೇಬೇಕು. ಅವ್ವ ಬುಟ್ಟಿ ತುಂಬ ಸೆಗಣಿ ತಂದು, ನೀರಲ್ಲಿ ಕಲಸಿ, ಅಡುಗೆಮನೆಯ ಮೂಲೆಯಿಂದ ಸಾರಿಸಲು ಶುರುಮಾಡಿ ಹಿಂದಹಿಂದಕ್ಕೆ ಸರಿಯುತ್ತ ಪಡಸಾಲೆಯ ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದಳು. ಒಣಗಿದ ಮೇಲೆ ನೆಲದ ಮೇಲೆಲ್ಲ ಅವಳ ಬೆರಳಿನ ಅರ್ಧಚಂದ್ರಗಳು. ನಮಗೆ ಅದು ಚಿತ್ತಾರ. ಅವಳಿಗೆ ನಡುನೋವು.

ಮುಂದೆ ಮನೆಗೆ ಶಹಾಬಾದಿ ಫರಸಿ ಹಾಕಿಸಿದರು. ಕಲಬುರಗಿ ಜಿಲ್ಲೆಯ ಶಹಾಬಾದದ ಸುಣ್ಣಕಲ್ಲಿನ ಆ ಹಾಸುಗಳು ನಮ್ಮ ಕಡೆಯ ಎಷ್ಟೋ ಮನೆಗಳ ಮಣ್ಣಿನ ನೆಲವನ್ನು ಮುಚ್ಚಿವೆ. ಸೆಗಣಿ ಹೋಗಿ ಬಕೆಟ್ಟು, ಹಳೇ ಅರಿವೆ ಬಂದವು. ಫರಸಿ ಬಂದರೂ ನಡು ಮಾತ್ರ ನೆಟ್ಟಗಾಗಲಿಲ್ಲ.

ಹೀರುವ ಯಂತ್ರದ ಕಥೆ ಶುರುವಾದದ್ದು ದೂರದ ಲಂಡನ್ನಿನಲ್ಲಿ. ಧೂಳನ್ನು ಊದಿ ತೆಗೆಯುವ ಯಂತ್ರವೊಂದನ್ನು ನೋಡಿದ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಜಿನಿಯರ್, ಊದುವ ಬದಲು ಹೀರಿದರೆ ಹೇಗೆ ಎಂದು ಯೋಚಿಸಿದನಂತೆ. ಖಾನಾವಳಿಯ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ಬಾಯಿಂದ ಎಳೆದು ನೋಡಿದರೆ ಧೂಳು ಬಟ್ಟೆಗೆ ಅಂಟಿತ್ತು. 1901ರಲ್ಲಿ ಅವನು ಮಾಡಿದ ಯಂತ್ರ ಎಷ್ಟು ದೊಡ್ಡದೆಂದರೆ, ಕುದುರೆ ಹೂಡಿ ಎಳೆದು ತಂದು, ಬೀದಿಯಲ್ಲಿ ನಿಲ್ಲಿಸಿ, ಕಿಟಕಿಯೊಳಗಿಂದ ಕೊಳವೆ ಇಳಿಬಿಡಬೇಕಾಗಿತ್ತು. ಅದು ಶ್ರೀಮಂತರ ಮನೆಯ ಯಂತ್ರ.

ಅದನ್ನು ಮನೆಯೊಳಗೆ ಕೈಯಲ್ಲಿ ಹಿಡಿದು ನಡೆಸುವಂತೆ ಮಾಡಿದವರಲ್ಲಿ ಹೆಸರಾದವನು ಒಬ್ಬ ಕಸಗುಡಿಸುವವನು. ಅಮೆರಿಕದ ಓಹಾಯೊ ರಾಜ್ಯದ ಕ್ಯಾಂಟನ್ ಊರಿನ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅಂಗಡಿಯೊಂದರ ರತ್ನಗಂಬಳಿ ಗುಡಿಸಿ ಗುಡಿಸಿ ಅವನ ದಮ್ಮು ಹೆಚ್ಚಾಗುತ್ತಿತ್ತು. ಫ್ಯಾನಿನ ಮೋಟಾರು, ಕಸಬರಿಗೆಯ ಕೋಲು, ತಲೆದಿಂಬಿನ ಚೀಲ ಕೂಡಿಸಿ ಅವನು ಕಟ್ಟಿದ ಯಂತ್ರಕ್ಕೆ 1908ರಲ್ಲಿ ಪೇಟೆಂಟ್ ಸಿಕ್ಕಿತು. ಹಕ್ಕನ್ನು ಕೊಂಡ ಹೂವರ್ ಮನೆತನದ ಹೆಸರು ಲೋಕಕ್ಕೆಲ್ಲ ಗೊತ್ತು. ಗುಡಿಸಿದವನ ಹೆಸರು ಎಷ್ಟು ಜನಕ್ಕೆ ಗೊತ್ತು?

ನಮ್ಮ ದೇಶದಲ್ಲಿ 1980ರ ದಶಕದಲ್ಲಿ ಯುರೇಕಾ ಫೋರ್ಬ್ಸ್ ಕಂಪನಿಯವರು ಟೈ ಕಟ್ಟಿಕೊಂಡು ಮನೆಮನೆಗೆ ಬಂದು ಇಂಥ ಯಂತ್ರ ಮಾರಿದರು. ಆದರೆ ರತ್ನಗಂಬಳಿಗೆಂದು ಬೆಳೆದ ಯಂತ್ರಕ್ಕೆ ನಮ್ಮ ಮನೆಯಲ್ಲಿ ಏನು ಕೆಲಸ? ಜಮಖಾನೆಯನ್ನು ಹೊರಗೆ ಒಯ್ದು ಝಾಡಿಸುವವರು ನಾವು. ನಮ್ಮದೇನಿದ್ದರೂ ಬರಿಯ ನೆಲ. ಅದಕ್ಕೆ ನೀರೇ ಬೇಕು. ಸ್ಪೇನಿನ ವಿಮಾನ ಇಂಜಿನಿಯರ್ ಮಾನ್ವೆಲ್ ಹಲೋನ್ 1956ರಲ್ಲಿ ಉದ್ದ ಕೋಲಿನ ಒರೆಸುವ ಅರಿವೆಯನ್ನೂ ಅದನ್ನು ಹಿಂಡುವ ಬಕೆಟ್ಟನ್ನೂ ಜೋಡಿ ಮಾಡಿ ಮಾರಾಟಕ್ಕೆ ತಂದಾಗ, ಅಲ್ಲಿಯ ಹೆಂಗಸರು ಮೊಣಕಾಲೂರುವುದು ತಪ್ಪಿತು. ಬಟ್ಟೆ, ನೀರು, ಹೀರುವ ಗಾಳಿ ಮೂರೂ ಒಂದೇ ಕೋಲಿನಲ್ಲಿ ಸೇರಿ, ವಾಯರಿನ ಹಂಗಿಲ್ಲದೆ ಓಡಾಡಲು 1991ರಿಂದ ಮಾರಾಟಕ್ಕೆ ಬಂದ ಲಿಥಿಯಂ-ಅಯಾನ್ ಬ್ಯಾಟರಿ ದಾರಿ ಮಾಡಿತು.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಉದ್ದ ಕೋಲಿನ ಮಾಪು ನಮ್ಮ ಮನೆಗೂ ಎಂದೋ ಬಂದಿತ್ತು. ನಾನು ಒರೆಸುವ ದಿನ ಅದನ್ನೇ ಹಿಡಿಯುತ್ತಿದ್ದೆ. ಕೆಲಸಕ್ಕೆ ಬರುವಾಕೆಗೆ ಮಾತ್ರ, "ಕೈಲೆ ಒರಸಿದ್ರನ ಸ್ವಚ್ಛ ಆಗತೈತಿ" ಎಂದು ಅರಿವೆ ಕೊಡುತ್ತಿದ್ದೆ. ಅವ್ವನ ನಡುನೋವು ಕಂಡು ಕಣ್ಣೀರು ಹಾಕಿದವಳು ನಾನು. ಇನ್ನೊಬ್ಬಳ ನಡು ನನಗೆ ಕಾಣಲೇ ಇಲ್ಲ.

ಹೊಸ ಯಂತ್ರ ಕಂಡ ದಿನ ಆಕೆ ಬಾಗಿಲಲ್ಲೇ ನಿಂತಳು. "ಅಕ್ಕಾರ, ಇನ್ನ ನಾ ಬರೂದು ಬ್ಯಾಡೇನ್ರಿ?" ಎಂದಳು. ನನ್ನ ಅನುಕೂಲ ಆಕೆಯ ಅನ್ನಕ್ಕೆ ಕಲ್ಲಾಗುವುದೆಂದು ನಾನು ಯೋಚಿಸಿಯೇ ಇರಲಿಲ್ಲ. "ಬಾರವಾ, ಇದನ್ನ ನೀನ ನಡಸು. ಪಗಾರ ಮೊದಲಿನಷ್ಟ ಇರತೈತಿ" ಎಂದೆ. ಈಗ ಆಕೆ ನಿಂತುಕೊಂಡೇ ಒರೆಸುತ್ತಾಳೆ. ಮಂಚದ ಕೆಳಗೆ, ಮೂಲೆಗಳಿಗೆ ಇನ್ನೂ ಅರಿವೆ ಬೇಕು. ಅಲ್ಲಿ ನಾನೂ ಕೂಡುತ್ತೇನೆ.

ಯಂತ್ರಕ್ಕೂ ಸೇವೆ ಬೇಕು. ದಪ್ಪ ಕಸ ಮೊದಲೇ ಗುಡಿಸಬೇಕು. ನೊರೆ ಏಳುವ ಸಾಬೂನು ಹಾಕಬಾರದು. ಕೆಲಸ ಮುಗಿದ ಕೂಡಲೇ ಹೊಲಸು ನೀರು ಚೆಲ್ಲಿ, ಉರುಳೆ ತೊಳೆದು ಒಣಗಿಸದಿದ್ದರೆ ಮರುದಿನ ಮನೆಯೆಲ್ಲ ನಾತ. ಟೈಲ್ಸಿನ ಮೇಲೆ ಅದು ನೀರು ಕುಡಿದಂತೆ ಓಡುತ್ತದೆ. ಹಳೇ ಫರಸಿಯ ಸಂದಿಗಳಲ್ಲಿ ಮಾತ್ರ ನೀರು ಬಿಟ್ಟುಬಿಡುತ್ತದೆ.

ಡಬ್ಬಿಯಲ್ಲಿ ಕೂಡಿದ ಕರಿ ನೀರು ನೋಡಿ ಅವ್ವ ನಕ್ಕಳು. "ನಮ್ಮ ಮಣ್ಣಿನ ನೆಲದಾಗ ಇದನ್ನ ಬಿಟ್ಟಿದ್ರ ನೆಲಾನ ನುಂಗತಿತ್ತು!"

ಮೊಮ್ಮಗಳು, "ಆಯಿ, ನೀ ಒಮ್ಮೆ ಹಿಡಿ" ಎಂದು ಹಿಡಿಕೆ ಕೈಗಿಟ್ಟಳು. ಅವ್ವ ಪಡಸಾಲೆಯ ಉದ್ದಕ್ಕೂ ಒಂದು ಸಲ ಹೋಗಿ ಬಂದಳು. ಬಗ್ಗದೆ ನಡೆಸುವ ಯಂತ್ರ ಅದು. ಅದನ್ನು ಹಿಡಿದಾಗಲೂ ಅವ್ವನ ನಡು ಬಗ್ಗಿಯೇ ಇತ್ತು.