ಯಂತ್ರ ಬರೆದರೆ ಹೊಣೆ ಯಾರದು?

1978ರಲ್ಲಿ ಕೆನಡದ ವ್ಯಾಂಕೂವರ್‌ನಲ್ಲಿ ಕೆಲವು ವೈದ್ಯಕೀಯ ನಿಯತಕಾಲಿಕೆಗಳ ಸಂಪಾದಕರು ಸಭೆ ಸೇರಿದರು. ಹಸ್ತಪ್ರತಿಗಳಿಗೆ ಏಕರೂಪದ ನಿಯಮ ರೂಪಿಸುವುದು ಅವರ ಉದ್ದೇಶವಾಗಿತ್ತು. ಈ ಗುಂಪೇ ಬೆಳೆದು ವೈದ್ಯಕೀಯ ನಿಯತಕಾಲಿಕೆ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯಾಯಿತು. ಲೇಖಕ ಎನಿಸಿಕೊಳ್ಳಲು ಬೇಕಾದ ಅರ್ಹತೆಗಳನ್ನೂ ಅದು ಗೊತ್ತುಪಡಿಸಿತು. ಸಂಶೋಧನೆಯಲ್ಲಿ ಮೋಸ ಬಯಲಾದಾಗ ಕೆಲವು ಸಹಲೇಖಕರು ತಮಗೆ ಸಂಬಂಧವಿಲ್ಲವೆಂದು ಜಾರಿಕೊಳ್ಳುತ್ತಿದ್ದರು. ಆದ್ದರಿಂದ 2013ರಲ್ಲಿ ನಾಲ್ಕನೆಯ ಅರ್ಹತೆಯೊಂದು ಸೇರಿತು: ಲೇಖಕನಾದವನು ಇಡೀ ಪ್ರಬಂಧಕ್ಕೆ ಉತ್ತರ ಹೇಳಲು ಒಪ್ಪಿರಬೇಕು.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದಾಗ ಈ ನಿಯಮಕ್ಕೆ ಹೊಸ ಪರೀಕ್ಷೆ ಎದುರಾಯಿತು. ಕೆಲವೇ ವಾರಗಳಲ್ಲಿ ನರ್ಸಿಂಗ್ ಶಿಕ್ಷಣದ ನಿಯತಕಾಲಿಕೆಯೊಂದು ಅದನ್ನು ಸಂಪಾದಕೀಯದ ಲೇಖಕರ ಸಾಲಿಗೆ ಸೇರಿಸಿತು. ಆಮೇಲೆ ತಿದ್ದುಪಡಿ ಪ್ರಕಟಿಸಿ ಹೆಸರನ್ನು ತೆಗೆಯಬೇಕಾಯಿತು.

ಮುಂದೆ ಯಾವ ಪದ ಬರಬಹುದೆಂದು ಸಂಭವನೀಯತೆಯ ಲೆಕ್ಕದಿಂದ ಆರಿಸುತ್ತ ಚಾಟ್‌ಬಾಟ್ ವಾಕ್ಯ ಕಟ್ಟುತ್ತದೆ. ಹೀಗಾಗಿ ಇಲ್ಲದ ಪ್ರಬಂಧಕ್ಕೂ ಲೇಖಕ, ವರ್ಷ, ಪುಟಸಂಖ್ಯೆಗಳನ್ನು ಒಪ್ಪವಾಗಿ ಜೋಡಿಸಿಬಿಡಬಲ್ಲದು. ಔಷಧದ ಪ್ರಮಾಣ ಕುರಿತ ಬರಹದಲ್ಲಿ ಹೀಗಾದರೆ ಪೆಟ್ಟು ಬೀಳುವುದು ರೋಗಿಗೆ.

2023ರ ಮೇ ತಿಂಗಳಲ್ಲಿ ಸಮಿತಿಯು ಚಾಟ್‌ಬಾಟ್ ಲೇಖಕನಾಗಲಾರದೆಂದು ಸ್ಪಷ್ಟಪಡಿಸಿತು. ಬಳಕೆಯನ್ನು ನಿಷೇಧಿಸಲಿಲ್ಲ, ಹೇಗೆ ಬಳಸಲಾಯಿತೆಂದು ತಿಳಿಸಬೇಕು, ಹೊಣೆ ಮಾತ್ರ ಮನುಷ್ಯರದೇ ಎಂದಿತು. ಇಂಗ್ಲಿಷ್ ತಾಯ್ನುಡಿಯಲ್ಲದ ನಮ್ಮ ವೈದ್ಯರಿಗೆ ಭಾಷೆ ತಿದ್ದಿಕೊಳ್ಳಲು ಈ ಸಾಧನದಿಂದ ಅನುಕೂಲವುಂಟು. ಆದರೆ ಉಲ್ಲೇಖಿಸಿದ ಪ್ರತಿಯೊಂದು ಪ್ರಬಂಧವನ್ನೂ ತೆರೆದು ಓದುವ ಕೆಲಸವನ್ನು ಯಂತ್ರಕ್ಕೆ ಬಿಡುವಂತಿಲ್ಲ. ಮನುಷ್ಯ ಹೊಣೆಯಿಂದ ಜಾರಿಕೊಳ್ಳದಿರಲೆಂದು ಮಾಡಿದ ನಿಯಮ ಇಂದು ಯಂತ್ರದ ನೆಪ ಹೇಳುವುದನ್ನೂ ತಡೆಯುತ್ತಿದೆ.