ಸೊಂಡೂರಿನ ಲಂಬಾಣಿ ಕಸೂತಿಯಲ್ಲಿ ರೇಖಾಸಾಮ್ಯ

ಲೋಕದ ಯಾವ ವಸ್ತುವನ್ನೂ ಅನುಕರಿಸದೆ, ಚೌಕ ತ್ರಿಕೋನಗಳಿಂದಲೇ ಕಣ್ಣನ್ನು ತಣಿಸುವ ಚಿತ್ರವುಂಟೆಂದು ಯೂರೋಪು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸಾರಿತು. ರಷ್ಯದ ಮಾಲೆವಿಚ್ ೧೯೧೫ರಲ್ಲಿ ತನ್ನ ಕಪ್ಪು ಚೌಕವನ್ನು ಪ್ರದರ್ಶಿಸಿದನು; ಹಾಲೆಂಡಿನ ಮಾಂಡ್ರಿಯಾನನು ಅಡ್ಡಗೆರೆ ನೆಟ್ಟಗೆರೆಗಳ ನಡುವೆ ಬಣ್ಣಗಳನ್ನು ತೂಗಿ ನಿಲ್ಲಿಸಿದನು. ಇವರ ಹೆಸರುಗಳು ಕಲೆಯ ಚರಿತ್ರೆಯಲ್ಲಿ ಸ್ಥಿರವಾಗಿವೆ. ಸೂಜಿ ನೂಲುಗಳಿಂದ ಇದೇ ಸಮತೋಲನವನ್ನು ಸಾಧಿಸಿದ ಲಂಬಾಣಿ ಸ್ತ್ರೀಯರ ಹೆಸರಾದರೋ ಅವರು ಹೊಲಿದ ಬಟ್ಟೆಯ ಮೇಲೂ ಇಲ್ಲ.

ಲಂಬಾಣಿಗಳು ಎತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ಸಂಚರಿಸುತ್ತಿದ್ದ ವರ್ತಕರು. ದಕ್ಷಿಣಕ್ಕೆ ಬಂದ ಮೊಗಲ ಸೈನ್ಯಗಳಿಗೆ ದವಸವನ್ನೊದಗಿಸಿದವರಲ್ಲಿ ಇವರೂ ಸೇರಿದ್ದರು. ರೈಲುಮಾರ್ಗಗಳು ಹಬ್ಬಿದ ಬಳಿಕ ಹೇರಿನ ವ್ಯಾಪಾರವು ಕುಂದಿತು. ೧೮೭೧ರ ಅಪರಾಧಿ ಬುಡಕಟ್ಟುಗಳ ಶಾಸನ ಹುಟ್ಟುಹಾಕಿದ ಕಳಂಕವು ಮುಂದೆ ಇವರ ಕೆಲವು ಗುಂಪುಗಳಿಗೂ ತಗುಲಿತು. ಅಲೆದಾಟವು ತೀರಿ ತಾಂಡಾಗಳು ನೆಲೆನಿಂತರೂ ಪೇಟಿಯಾ ಕಾಂಚಳಿಗಳ ಮೇಲಣ ಕಸೂತಿಯನ್ನು ಸ್ತ್ರೀಯರು ಬಿಡಲಿಲ್ಲ.

ಈ ಕಸೂತಿಯ ಕ್ರಮವು ವಿಚಾರಾರ್ಹವಾದುದು. ಚೌಕದ ನಡುವೆ ಕನ್ನಡಿಯ ಬಿಲ್ಲೆ. ಅದನ್ನು ಬಳಸಿ ಹೊಲಿಗೆಯ ಸಾಲುಗಳು. ಅಂಚಿನಲ್ಲಿ ತ್ರಿಕೋನಗಳ ಶ್ರೇಣಿ. ಕೆಂಪು ಹೆಚ್ಚಿ ಕಣ್ಣಿಗೆ ಭಾರವಾದೆಡೆ ಬಿಳಿಯ ಕವಡೆಗಳು ಅದನ್ನು ಹಗುರಗೊಳಿಸುತ್ತವೆ. ಹಂಪೆಯ ಮಹಾನವಮಿ ದಿಬ್ಬದ ಸಮೀಪದಲ್ಲಿ, ೧೯೮೦ರ ದಶಕದ ಉತ್ಖನನದಿಂದ ಬೆಳಕಿಗೆ ಬಂದ ಮೆಟ್ಟಿಲುಗಳ ಪುಷ್ಕರಿಣಿಯಲ್ಲಿಯೂ ಇಂತಹುದೇ ಸಾಮ್ಯವುಂಟು. ಅಲ್ಲಿಯ ಶಿಲ್ಪಿಗಳು ಕಲ್ಲು ಕಲ್ಲಿಗೂ ದಿಕ್ಕು ಸಾಲುಗಳ ಗುರುತನ್ನು ಕೆತ್ತಿಕೊಂಡರು. ತಾಂಡಾದ ಸ್ತ್ರೀಗೆ ಆ ಗುರುತು ಮನಸ್ಸಿನಲ್ಲಿಯೇ ಇತ್ತು. ತಾಯಿಯಿಂದ ಮಗಳಿಗೆ ಬಂದುದು ಬರೆದಿಟ್ಟ ನಕ್ಷೆಯಲ್ಲ, ಎಣಿಕೆ.

ಸೊಂಡೂರು ಕುಶಲ ಕಲಾ ಕೇಂದ್ರವು ಈ ವಿದ್ಯೆಗೆ ಆಶ್ರಯವಿತ್ತಿತು. ೨೦೧೦ರಲ್ಲಿ ಸೊಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ೨೦೨೩ರ ಜುಲೈ ತಿಂಗಳಿನಲ್ಲಿ ಹಂಪೆಯಲ್ಲಿ ಜಿ-೨೦ ರಾಷ್ಟ್ರಗಳ ಸಂಸ್ಕೃತಿ ಸಭೆಯು ಕೂಡಿದಾಗ ೧೭೫೫ ಕಸೂತಿ ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯನ್ನು ಸ್ಥಾಪಿಸಲಾಯಿತು.

ಕೀರ್ತಿಯು ಊರಿಗೂ ಸಮುದಾಯಕ್ಕೂ ಸಂದಿತು, ಅದು ಉಚಿತವೇ. ಆದರೆ ಈ ವೇಷವು ನಿತ್ಯದ ಉಡುಗೆಯಾಗಿ ಉಳಿದಿರುವುದು ಬಹುಮಟ್ಟಿಗೆ ವೃದ್ಧೆಯರಲ್ಲಿ. ಮಾರಾಟದ ಚೀಲದ ಮೇಲೆ ಮಾದರಿಯು ಉಳಿದೀತು. ಎಣಿಕೆಯು ಉಳಿಯಬೇಕಾದರೆ ಕೈಗೆ ತಕ್ಕ ಕೂಲಿಯೂ, ಕಲಾವಿದೆಯೆಂಬ ಮನ್ನಣೆಯೂ ಆ ಮಗಳಿಗೆ ದೊರೆಯಬೇಕು.