ಒಂದು ಬೀಡಿನ ಕೊಳವೆ, ಎರಡು ಕಾಲ

ಬೆಳಿಗ್ಗೆ ತಣ್ಣಗಿದ್ದ ಎಂಜಿನನ್ನು ಚಾಲೂ ಮಾಡಿದಾಗ ಬಾನೆಟ್ಟಿನ ಒಳಗಿನಿಂದ ಟಿಕ್ ಟಿಕ್ ಎಂದು ಸದ್ದು ಬರುತ್ತದೆ. ಹತ್ತು ನಿಮಿಷ ಓಡಿಸಿದರೆ ಸದ್ದು ತಾನಾಗಿಯೇ ಅಡಗುತ್ತದೆ. ಕಾರು ಸರಿಹೋಯಿತೆಂದು ಮಾಲೀಕ ಸಮಾಧಾನಪಡುತ್ತಾನೆ. ನಿಜಕ್ಕೂ ಆಗಿರುವುದು ಬೇರೆ. ಸಿಲಿಂಡರುಗಳಲ್ಲಿ ಸುಟ್ಟ ಅನಿಲವನ್ನು ಒಟ್ಟುಗೂಡಿಸಿ ಸೈಲೆನ್ಸರಿನ ಕಡೆಗೆ ಕಳುಹಿಸುವ ಬೀಡು ಕಬ್ಬಿಣದ ಕವಲುಕೊಳವೆ, ಎಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡು, ಬಿರುಕು ಬಿಟ್ಟಿದೆ. ಲೋಹ ಕಾದು ಹಿಗ್ಗಿದಾಗ ಬಿರುಕಿನ ತುಟಿಗಳು ಕೂಡಿಕೊಳ್ಳುತ್ತವೆ. ಆರಿದಾಗ ಮತ್ತೆ ತೆರೆಯುತ್ತವೆ.

ಇದನ್ನು ಅಲಕ್ಷಿಸುವಂತಿಲ್ಲ. ಸೋರುವ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಕಾರಿನೊಳಗೆ ನುಗ್ಗಿದರೆ ಕೂತವರಿಗೆ ಗೊತ್ತಾಗುವ ಮೊದಲೇ ತಲೆ ಸುತ್ತಿರುತ್ತದೆ. ಆದ್ದರಿಂದ ಹಳೆಯದನ್ನು ಬಿಚ್ಚಿ ಬೇರೆಯದನ್ನು ಹಾಕಲೇಬೇಕು. ಆದರೆ ಯಾವುದನ್ನು ಹಾಕಬೇಕು? ವಿದ್ಯಾರ್ಥಿ ಮಿತ್ರರೇ, ಮೆಕ್ಯಾನಿಕ್ಕಿನ ಈ ಪ್ರಶ್ನೆಯೇ ಇತಿಹಾಸದ ಪ್ರಶ್ನೆಯೂ ಆಗುವ ಒಂದು ಪ್ರಸಂಗವನ್ನು ಇಲ್ಲಿ ನೋಡೋಣ.

ಕಾರಿನ ಹೆಸರು ಎಂಜಿಬಿ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ಆಬಿಂಗ್‌ಡನ್ ಎಂಬ ಊರಿನಲ್ಲಿ 1962ರಿಂದ 1980ರವರೆಗೆ ತಯಾರಾದ, ಮೈ ತಗ್ಗಿದ ಸ್ಪೋರ್ಟ್ಸ್ ಕಾರು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು; ಅವುಗಳಲ್ಲಿ ಬಹುಪಾಲು ಸಮುದ್ರ ದಾಟಿ ಅಮೆರಿಕಕ್ಕೆ ಹೋದವು. ನೋಡಲು ಶ್ರೀಮಂತರ ಆಟಿಕೆಯಂತಿದ್ದರೂ ಅದರ ಎಂಜಿನ್ ಮಾತ್ರ ಸಾಮಾನ್ಯ ಸಂಸಾರಗಳ ಕಾರಿನದು. ಆಸ್ಟಿನ್ ಕಂಪನಿ 1947ರಲ್ಲಿ ತನ್ನ ಎ-40 ಕಾರಿಗೆಂದು ಮಾಡಿದ 1200 ಸಿ.ಸಿ. ಎಂಜಿನ್ ಅದರ ಮೂಲಪುರುಷ. 1952ರಲ್ಲಿ ಆಸ್ಟಿನ್ ಮತ್ತು ಮಾರಿಸ್ ಬಳಗಗಳು ಕೂಡಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಆದ ಮೇಲೆ ಅದೇ ವಂಶ 1489 ಸಿ.ಸಿ.ಗೆ ಬೆಳೆದು 'ಬಿ-ಸೀರೀಸ್' ಎನಿಸಿಕೊಂಡಿತು. ಎಂಜಿಬಿಯಲ್ಲಿ 1798 ಸಿ.ಸಿ. ಆಯಿತು. ಆ 1489 ಸಿ.ಸಿ. ಎಂಜಿನ್ ನಮಗೆ ಅಪರಿಚಿತವೇನೂ ಅಲ್ಲ. ದಶಕಗಳ ಕಾಲ ನಮ್ಮ ರೈಲ್ವೆ ನಿಲ್ದಾಣಗಳ ಮುಂದೆ ಸಾಲಾಗಿ ನಿಂತಿರುತ್ತಿದ್ದ ಅಂಬಾಸಿಡರ್ ಟ್ಯಾಕ್ಸಿಗಳ ಪೆಟ್ರೋಲ್ ಎಂಜಿನ್ ಅದೇ. ಲಗೇಜು, ಮದುವೆ ದಿಬ್ಬಣ, ಮಂತ್ರಿ ಮಹೋದಯರು ಎಲ್ಲರನ್ನೂ ಹೊತ್ತ ಆ ಎಂಜಿನ್ ಈ ಸ್ಪೋರ್ಟ್ಸ್ ಕಾರಿನ ಎಂಜಿನ್ನಿಗೆ ದಾಯಾದಿ.

ಈ ವಂಶದ ಎಂಜಿನ್ನುಗಳಲ್ಲಿ ನಾಲ್ಕು ಸಿಲಿಂಡರುಗಳಿದ್ದರೂ ಹೊಗೆ ಹೊರಹೋಗುವ ಬಾಯಿಗಳು ಮೂರೇ. ಒಂದು ಮತ್ತು ನಾಲ್ಕನೆಯ ಸಿಲಿಂಡರುಗಳಿಗೆ ಒಂದೊಂದು. ನಡುವಿನ ಎರಡು ಮತ್ತು ಮೂರಕ್ಕೆ ಸೇರಿ ಒಂದು. ಇದು ಉಳಿತಾಯದ ವಿನ್ಯಾಸ. ಆದರೆ ಎಂಜಿಬಿಯ ಮೊದಲ ಮ್ಯಾನಿಫೋಲ್ಡನ್ನು ರೂಪಿಸಿದವರು ಆ ಬಡತನದಲ್ಲೇ ಜಾಣತನ ತೋರಿಸಿದರು. ಸಿಲಿಂಡರುಗಳು ಉರಿಯುವ ಸರದಿ 1-3-4-2. ಕಾಗದದ ಮೇಲೆ ಬರೆದು ನೋಡಿ: ಒಂದು ಮತ್ತು ನಾಲ್ಕರ ನಡುವೆ ಕ್ರ್ಯಾಂಕಿನ ಒಂದು ಪೂರ್ತಿ ಸುತ್ತು ಇದೆ, ಮೂರು ಮತ್ತು ಎರಡರ ನಡುವೆಯೂ ಹಾಗೆಯೇ. ಆದ್ದರಿಂದ ತುದಿಯ ಎರಡು ಕವಲುಗಳನ್ನು ಕೂಡಿಸಿ ಒಂದು ಬಾಯಿ, ನಡುವಿನದಕ್ಕೆ ಪ್ರತ್ಯೇಕ ಬಾಯಿ ಕೊಟ್ಟರೆ, ಒಂದು ಸಿಲಿಂಡರಿನ ಹೊಗೆ ಇನ್ನೊಂದರ ದಾರಿಗೆ ಅಡ್ಡ ಬರುವುದಿಲ್ಲ. ಉಕ್ಕಿನ ಕೊಳವೆಗಳನ್ನು ಬಾಗಿಸಿ ಮಾಡಿದ ಹೊಳೆಯುವ ಮ್ಯಾನಿಫೋಲ್ಡುಗಳು ಅಂಗಡಿಯಲ್ಲಿ ಸಿಗುತ್ತವೆ. ಆದರೆ ರಸ್ತೆಯ ಓಡಾಟಕ್ಕೆ ಈ ಕಪ್ಪು ಬೀಡಿಗಿಂತ ಅವು ಹೆಚ್ಚೇನೂ ಸಾಧಿಸುವುದಿಲ್ಲ ಎಂಬುದು ಬಲ್ಲವರ ಅನುಭವ.

ಬೀಡು ಏಕೆ ಒಡೆಯುತ್ತದೆ? 40 ಸೆಂಟಿಮೀಟರ್ ಉದ್ದದ ಬೀಡಿನ ತುಂಡು 500 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಅದನ್ನು ಹಿಡಿದುಕೊಂಡಿರುವ ಸಿಲಿಂಡರ್ ಹೆಡ್ಡಿಗೆ ತಂಪುನೀರಿನ ಆಸರೆ ಇದೆ. ಅದು ಅಷ್ಟು ಬೆಳೆಯುವುದಿಲ್ಲ. ಬೆಳೆಯುವವನನ್ನು ಬೆಳೆಯದವನ ಜೊತೆ ಬಿಗಿಯಾಗಿ ಕಟ್ಟಿಹಾಕಿದರೆ ಎಲ್ಲಾದರೂ ಹರಿಯಲೇಬೇಕು. ಹಳೆಯ ಎಂಜಿಬಿಯಲ್ಲಿ ಇದಕ್ಕೊಂದು ಉಪಾಯವಿತ್ತು. ಗಾಳಿ ಒಳಬರುವ ಮ್ಯಾನಿಫೋಲ್ಡು ಮತ್ತು ಹೊಗೆಯ ಮ್ಯಾನಿಫೋಲ್ಡು ಅಕ್ಕಪಕ್ಕ ಕೂರುತ್ತವೆ. ದಪ್ಪನೆಯ ವಾಷರೊಂದು ಎರಡರ ಅಂಚನ್ನೂ ಒಟ್ಟಿಗೆ ಅದುಮಿ ಹಿಡಿಯುತ್ತದೆ. ಬಿಸಿಯಾದಾಗ ಬೀಡು ವಾಷರಿನ ಕೆಳಗೆ ತುಸು ಜಾರಬಲ್ಲದು.

ಬದಲಾಯಿಸುವ ಕೆಲಸದ ಗುಟ್ಟೂ ಇಲ್ಲೇ ಇದೆ. ಹೊಸ ತುಂಡಿನ ಅಂಚು ಪಕ್ಕದ್ದಕ್ಕಿಂತ ಕೂದಲೆಳೆಯಷ್ಟು ದಪ್ಪವಾಗಿದ್ದರೂ ವಾಷರ್ ಓರೆಯಾಗುತ್ತದೆ, ತೆಳುವಾದ ಕಡೆ ಸೋರುತ್ತದೆ. ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ; ಎರಡೂ ಅಂಚುಗಳನ್ನು ಒಂದೇ ಮಟ್ಟಕ್ಕೆ ಉಜ್ಜಿಸಿಯೇ ಕೂರಿಸಬೇಕು. ನಟ್ಟುಗಳು ಹಿತ್ತಾಳೆಯವು. ಉಕ್ಕಿನ ನಟ್ಟು ಶಾಖದಲ್ಲಿ ತುಕ್ಕು ಹಿಡಿದು ಸ್ಟಡ್ಡಿಗೆ ಕಚ್ಚಿಕೊಳ್ಳುತ್ತದೆ. ಹಿತ್ತಾಳೆಯದು ಇಪ್ಪತ್ತು ವರ್ಷದ ಮೇಲೂ ಬಿಚ್ಚಿಕೊಳ್ಳುತ್ತದೆ. ಹಿಂದೆ ಯಾರೋ ಅವಸರದಲ್ಲಿ ಉಕ್ಕಿನದನ್ನು ಹಾಕಿದ್ದರೆ ಎರಡು ಮೂರು ದಿನ ಎಣ್ಣೆ ಬಿಡಬೇಕು, ಬೆಂಕಿ ತೋರಿಸಬೇಕು. ಆದರೂ ಸ್ಟಡ್ಡು ಹೆಡ್ಡಿನೊಳಗೆ ಮುರಿಯಬಹುದು. ಹಾಗಾದರೆ ಅರ್ಧ ದಿನದ ಕೆಲಸ ವಾರಕ್ಕೆ ಹೋಯಿತು.

ಇನ್ನು ಅಮೆರಿಕದ ಕಥೆ. ಲಾಸ್ ಏಂಜಲಿಸ್ ನಗರದ ಮೇಲೆ ಕವಿಯುತ್ತಿದ್ದ ಕಂದು ಮಬ್ಬು ವಾಹನಗಳ ಹೊಗೆಯ ಮೇಲೆ ಬಿಸಿಲು ಬಿದ್ದಾಗ ಹುಟ್ಟುವ ರಾಸಾಯನಿಕ ಪಾಕವೆಂದು ವಿಜ್ಞಾನಿ ಆರಿ ಹಾಗೆನ್-ಸ್ಮಿಟ್ 1950ರ ದಶಕದ ಮೊದಲಲ್ಲೇ ತೋರಿಸಿದ್ದರು. ಕಾನೂನು ನಿಧಾನವಾಗಿ ಹಿಂಬಾಲಿಸಿತು. ಅಮೆರಿಕಕ್ಕೆ ಹೋಗುವ ಎಂಜಿಬಿಗೆ 1968ರಿಂದ ಹೊಗೆಯ ಬಾಯಿಗೆ ಗಾಳಿ ಊದುವ ಪಂಪು ಬಂತು. 1970ರ ಶುದ್ಧ ವಾಯು ಕಾಯಿದೆ 1975ರ ಹೊತ್ತಿಗೆ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳನ್ನು ಶೇಕಡಾ 90ರಷ್ಟು ತಗ್ಗಿಸಬೇಕೆಂದಿತು. ಗಡುವು ಮುಂದೆ ಹೋಯಿತು, ಆದರೆ ಒತ್ತಡ ಹೋಗಲಿಲ್ಲ. ಹಣವಿದ್ದ ಕಂಪನಿಗಳು ಹೊಸ ಎಂಜಿನ್ ಮಾಡಿದವು. ಆಬಿಂಗ್‌ಡನ್ನಿನವರು 1947ರ ವಂಶದ ಎಂಜಿನ್ನಿಗೇ ತೇಪೆ ಹಾಕಬೇಕಾಯಿತು.

ಆ ತೇಪೆಯೇ 1975ರ ಮಾದರಿಯ ಮ್ಯಾನಿಫೋಲ್ಡು. ಎರಡು ಕಾರ್ಬೊರೇಟರುಗಳ ಜಾಗದಲ್ಲಿ ಒಂದು; ಗಾಳಿಯ ದಾರಿ ಮತ್ತು ಹೊಗೆಯ ದಾರಿ ಒಂದೇ ಎರಕದಲ್ಲಿ. ಹೊಗೆಯ ಶಾಖದಿಂದ ಪೆಟ್ರೋಲು ಚೆನ್ನಾಗಿ ಆವಿಯಾಗಿ ಪೂರ್ತಿ ಉರಿಯಲಿ ಎಂಬುದು ಉದ್ದೇಶ. ರಸಾಯನಶಾಸ್ತ್ರದ ದೃಷ್ಟಿಯಿಂದ ತಪ್ಪಿಲ್ಲ. ಆದರೆ ಲೋಹದ ದೃಷ್ಟಿಯಿಂದ ನೋಡಿ: ಒಂದೇ ತುಂಡಿನ ಒಂದು ಮಗ್ಗುಲು ಆವಿಯಾಗುವ ಪೆಟ್ರೋಲಿನಿಂದ ತಂಪು, ಇನ್ನೊಂದು ಮಗ್ಗುಲು ಕೆಂಡ, ಅನೇಕ ಕಾರುಗಳಲ್ಲಿ ಅದರ ಕೆಳಗೇ ಕುದಿಯುವ ಕೆಟಲಿಟಿಕ್ ಕನ್ವರ್ಟರು. ಜಾರಲು ಎಡೆಯಿಲ್ಲ. ಅವು ಒಡೆದವು, ಒಡೆಯುವುದರಲ್ಲೇ ಹೆಸರು ಮಾಡಿದವು. 1962ರಲ್ಲಿ 95 ಅಶ್ವಶಕ್ತಿ ಎಂದು ಹೇಳಿಕೊಂಡಿದ್ದ ಕಾರು ಅಮೆರಿಕದಲ್ಲಿ ಸುಮಾರು 62ಕ್ಕೆ ಇಳಿಯಿತು. ಎರಡು ಅಂಕಿಗಳನ್ನು ಅಳೆದ ಕ್ರಮ ಬೇರೆ ಬೇರೆ, ಆದ್ದರಿಂದ ನೇರವಾಗಿ ಕಳೆಯಬೇಡಿ. ಇಳಿತ ದೊಡ್ಡದೇ ಎಂಬುದರಲ್ಲಿ ಮಾತ್ರ ಸಂಶಯವಿಲ್ಲ.

ಹೀಗಾಗಿ ಆ ಮಾದರಿಯ ಮ್ಯಾನಿಫೋಲ್ಡು ಬಿರುಕು ಬಿಟ್ಟಾಗ ಹೆಚ್ಚಿನವರು ಅದನ್ನು ಕಿತ್ತೆಸೆದು ಹಳೆಯ ಮೂರು ಕವಲಿನದನ್ನೂ ಎರಡು ಕಾರ್ಬೊರೇಟರುಗಳನ್ನೂ ಹಾಕಿದರು. ಕಾರಿಗೆ ಜೀವ ಬಂತು, ಕನ್ವರ್ಟರ್ ಹೋಯಿತು. ಇದನ್ನು ಅವರು 'ಮೂಲಸ್ಥಿತಿಗೆ ತಂದೆವು' ಎನ್ನುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. 1977ರಲ್ಲಿ ಹುಟ್ಟಿದ ಕಾರಿಗೆ 1962ರ ಸ್ಥಿತಿ ಎಂದೂ ಇರಲಿಲ್ಲ. ನಗರದ ಗಾಳಿಗಾಗಿ ಒಂದು ದೇಶ ಮಾಡಿದ ಕಾನೂನು, ಹಣವಿಲ್ಲದ ಕಾರ್ಖಾನೆಯೊಂದು ಅದಕ್ಕೆ ಕೊಟ್ಟ ಒರಟು ಉತ್ತರ, ಎರಡೂ ಆ ಕುರೂಪಿ ಎರಕದಲ್ಲಿ ಅಚ್ಚಾಗಿವೆ. ಹಾಗೆಂದು ದಿನವೂ ಓಡಿಸುವವನು ಪದೇ ಪದೇ ಒಡೆಯುವ ತುಂಡಿಗೇ ಅಂಟಿಕೊಳ್ಳಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕಿತ್ತದ್ದನ್ನು ಗುಜರಿಗೆ ಹಾಕದೆ ಇಟ್ಟುಕೊಂಡರೆ ಸಾಕು.

ಕ್ಯಾಲಿಫೋರ್ನಿಯಾದಲ್ಲಿ ಈ ಆಯ್ಕೆಯೇ ಇಲ್ಲ. ಅಲ್ಲಿ 1975 ಮತ್ತು ಅದಕ್ಕೆ ಹಿಂದಿನ ಮಾದರಿಯ ಕಾರುಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ. 1976ರಿಂದ ಮುಂದಿನವು ತಮ್ಮ ಉಪಕರಣಗಳನ್ನೆಲ್ಲ ಉಳಿಸಿಕೊಂಡೇ ತಪಾಸಣೆಗೆ ಹೋಗಬೇಕು. ಒಂದು ವರ್ಷ ತಡವಾಗಿ ಹುಟ್ಟಿದ ಕಾರಿನ ಒಡೆಯ ಒಡೆದ ಬೀಡನ್ನೇ ವೆಲ್ಡಿಂಗಿಗೆ ಒಯ್ಯುತ್ತಾನೆ. ಬೆಸುಗೆಯವನು ಅದನ್ನು ಮೊದಲು ಕಾಯಿಸಿ, ನಿಕ್ಕಲ್ ಕಡ್ಡಿಯಿಂದ ಸ್ವಲ್ಪ ಸ್ವಲ್ಪವೇ ಬೆಸೆದು, ಒಮ್ಮೆಗೇ ಆರದಂತೆ ಮರಳಿನಲ್ಲಿ ಹೂತಿಡುತ್ತಾನೆ. ಮರುದಿನ ಹೊಸ ಗ್ಯಾಸ್ಕೆಟ್ ಇಟ್ಟು, ನಡುವಿನಿಂದ ಆರಂಭಿಸಿ ತುದಿಗಳ ಕಡೆಗೆ ಹಿತ್ತಾಳೆ ನಟ್ಟುಗಳನ್ನು ಬಿಗಿ ಮಾಡಿ, ಎಂಜಿನ್ ಒಮ್ಮೆ ಕಾದು ಆರಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ, ತಣ್ಣಗಿರುವಾಗಲೇ ಚಾಲೂ ಮಾಡಿ ಬಾನೆಟ್ಟಿಗೆ ಕಿವಿಗೊಡುತ್ತಾರೆ.